ಅಳಿಯನ ಅಂಗಡಿಯ ಪೆಟ್ಟಿಗೆ

ಕುಡಿಯಲು ನೀರು ಕೇಳಿದ್ದ ಗಿರಾಕಿ, ಅಳಿಯ ಲೋಟ ಹಿಡಿದು ಒಳಗಿನಿಂದ ಬರುವಷ್ಟರಲ್ಲಿ ಹೊಸ ಕಂಪ್ಯೂಟರಿನ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಗೆ ಹಾರಿದ್ದ. ಎದುರಿನ ಕ್ಷೌರದಂಗಡಿಯವನು ಮೊದಲು ಕಂಡ. "ಕಳ್ಳ! ಕಳ್ಳ!" ಎಂದು ಕತ್ತರಿ ಹಿಡಿದೇ ಓಡಿದ. ಅವನ ಹಿಂದೆ ಅರ್ಧ ತಲೆ ಕ್ಷೌರವಾಗಿದ್ದ ಮನುಷ್ಯ, ಅವನ ಹಿಂದೆ ಹಣ್ಣಿನ ಗಾಡಿಯವನು, ಅವನ ಹಿಂದೆ ಟೈಲರ್.

ಅಳಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಕಳ್ಳ ಎಲ್ಲಿ ಸಿಕ್ಕಿಬೀಳುತ್ತಾನೋ ಎಂಬ ಭಯ ಅವನದು.

ಯಾಕೆಂದರೆ ಆ ಪೆಟ್ಟಿಗೆ ಖಾಲಿ. ಅದೊಂದೇ ಏನು, ಗೋಡೆಯುದ್ದಕ್ಕೂ ಸೂರಿನವರೆಗೆ ಜೋಡಿಸಿದ್ದ ಅಷ್ಟೂ ಪೆಟ್ಟಿಗೆ ಖಾಲಿ. ಹಿಂದೆ ಕೆಲಸಕ್ಕಿದ್ದ ದೊಡ್ಡ ಅಂಗಡಿಯ ಹಿತ್ತಲಲ್ಲಿ ಬಿದ್ದಿದ್ದವನ್ನು ಕೇಳಿ ತಂದು, ಟೇಪು ಹಚ್ಚಿ, ಹೊಸದರಂತೆ ಮುಚ್ಚಿಟ್ಟಿದ್ದ. ಅಂಗಡಿಯಲ್ಲಿ ನಿಜವಾದ ಕಂಪ್ಯೂಟರ್ ಎಂದರೆ ಎರಡೇ: ಒಂದು ಅವನದು, ಇನ್ನೊಂದು ರಿಪೇರಿಗೆ ಬಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಮೇಷ್ಟರದು. ಹಾಗಂತ ಅವನೇನೂ ಮೋಸಗಾರನಲ್ಲ. ಯಾರಾದರೂ ಕೊಳ್ಳಲು ಬಂದರೆ ಸಂಜೆಯೊಳಗೆ ಅದೇ ದೊಡ್ಡ ಅಂಗಡಿಯಿಂದ ತರಿಸಿಕೊಡುವ ಏರ್ಪಾಟಿತ್ತು. ಖಾಲಿ ಪೆಟ್ಟಿಗೆಗಳು ಇದ್ದದ್ದು ಅತ್ತೆಯ ಕಣ್ಣಿಗೆ ಮಾತ್ರ.

ಬೀದಿಗೆ ಬಾಗಿಲಿದ್ದ ಆ ಕೋಣೆ ಅತ್ತೆಯದು. "ಬರೀ ಸ್ಕ್ರೂಡ್ರೈವರ್ ಇಟ್ಕೊಂಡು ಕೂತ್ರೆ ಅದನ್ನ ಅಂಗಡಿ ಅನ್ನಲ್ಲ. ಮಾಲು ತುಂಬಿರ್ಬೇಕು. ಇಲ್ಲಾಂದ್ರೆ ಟೈಲರ್ ಕೇಳ್ತಾನೇ ಇದ್ದಾನೆ, ಅವನಿಗೇ ಕೊಟ್ಟುಬಿಡ್ತೀನಿ" ಎಂದು ಶುರುವಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರು. ಮಾಲು ತುಂಬಿದ್ದನ್ನು ಕಂಡ ಮೇಲೆ ಬೀದಿಗೆಲ್ಲ ಡಂಗುರ ಸಾರಿದ್ದೂ ಅವರೇ: "ನಮ್ಮ ಅಳಿಯಂದಿರ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ!"

ಅಳಿಯನೂ ಓಡಿದ. "ಬಿಟ್ಬಿಡಿ! ಪಾಪ, ಹೋಗ್ಲಿ ಬಿಟ್ಬಿಡಿ!" ಎಂದು ಕೂಗುತ್ತ ಓಡಿದ.

"ಎಂಥ ದೊಡ್ಡ ಮನಸ್ಸು ನೋಡ್ರಿ! ಇಂಥೋರ ಸಾಮಾನು ಕದೀತಾನಲ್ಲ!" ಎಂದು ಹಣ್ಣಿನವನು ಇನ್ನೂ ಜೋರಾಗಿ ಓಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಕಳ್ಳನಿಗಿಂತ ಹುಳ್ಳಗಿದ್ದವನು ಮಾಲಿನ ಯಜಮಾನ. ಬೀದಿಯ ತಿರುವಿನಲ್ಲಿ ಅರ್ಧ ಕ್ಷೌರದವನು ಕಳ್ಳನ ಕಾಲರು ಹಿಡಿದೇಬಿಟ್ಟ. ಪೆಟ್ಟಿಗೆ ನೆಲಕ್ಕೆ ಬಿತ್ತು. ಸುತ್ತ ಜನ ಸೇರಿದರು.

"ಮೊದ್ಲು ಬಿಚ್ಚಿ ನೋಡಿ. ಒಳಗೆ ಏನಾದ್ರೂ ಒಡೆದಿದ್ಯೋ ಏನೋ" ಎಂದ ಟೈಲರ್. ಕ್ಷೌರದಂಗಡಿಯವನು ಕತ್ತರಿಯ ತುದಿಯನ್ನು ಟೇಪಿಗೆ ತಾಗಿಸಿದ. ಅಳಿಯನಿಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

"ನಿಲ್ಸಪ್ಪಾ! ನಮ್ಮ ಮಾಲು, ನಾವೇ ನೋಡ್ಕೋತೀವಿ!"

ಏದುಸಿರು ಬಿಡುತ್ತ ಬಂದ ಅತ್ತೆ, ಕಾಲೂರಿ ನಿಂತು, ಉಸಿರು ಕಟ್ಟಿ ಪೆಟ್ಟಿಗೆಗೆ ಕೈ ಹಾಕಿ ಎತ್ತಿದರು. ಎತ್ತಿದ ರಭಸಕ್ಕೆ ಅದು ಹಾರಿ ಅವರ ಗಲ್ಲಕ್ಕೇ ಬಡಿಯಿತು. ಅವರು ಪೆಟ್ಟಿಗೆ ನೋಡಿದರು, ಅಳಿಯನನ್ನು ನೋಡಿದರು, ಆಮೇಲೆ ಟೈಲರನನ್ನು ನೋಡಿದರು. ಅಳಿಯ ತನ್ನ ಚಪ್ಪಲಿ ನೋಡಿಕೊಂಡ.

"ಅಮ್ಮಾ, ಇದ್ರಲ್ಲಿ ಏನೂ..." ಎಂದು ಕಳ್ಳ ಬಾಯಿ ತೆರೆದ.

"ಏನೂ ಒಡೆದಿಲ್ಲ ತಾನೇ? ಸದ್ಯ!" ಎಂದರು ಅತ್ತೆ. ಮರುಕ್ಷಣ ಅವರ ಮೊಣಕಾಲು ಬಗ್ಗಿತು, ಪೆಟ್ಟಿಗೆ ಕೆಳಗೆ ಜಗ್ಗಿತು. "ಅಯ್ಯಯ್ಯೋ, ಎಂಥಾ ಭಾರ! ಅಳಿಯಂದ್ರೇ, ನೋಡ್ತಾ ನಿಂತಿದ್ದೀರಲ್ಲ, ಆ ಕಡೆ ಹಿಡೀರಿ!"

ಅಳಿಯ ಓಡಿಬಂದು ಹಿಡಿದ. ನೆರವಿಗೆಂದು ಹಣ್ಣಿನವನೂ ಕೈ ಚಾಚಿದ. "ನೀನು ಬೇಡಪ್ಪ, ಸೊಂಟ ಉಳುಕೀತು" ಎಂದು ಅತ್ತೆ ಅವನನ್ನು ದೂರ ಸರಿಸಿದರು.

ಟೈಲರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಅಲ್ಲಮ್ಮಾ, ಇವನು ಒಂದೇ ಕೈಲಿ ಎತ್ಕೊಂಡು ಓಡಿದ್ನಲ್ಲ?"

"ಕದ್ದ ಮಾಲು ಯಾವತ್ತೂ ಹಗುರ ಕಣಪ್ಪ. ಭಾರ ಏನಿದ್ರೂ ಮಾಲಿನೋರಿಗೆ."

ಜನ ಹೌದು ಹೌದು ಎಂದು ತಲೆದೂಗಿದರು. ಆ ತಲೆದೂಗಾಟದ ನಡುವೆ ಕಳ್ಳ ಕಾಲಿಗೆ ಬುದ್ಧಿ ಹೇಳಿದ. ಅತ್ತೆ ಅಳಿಯ ಇಬ್ಬರೂ ಬೀದಿಯುದ್ದಕ್ಕೂ ಪೆಟ್ಟಿಗೆ ಹೊತ್ತು, ನಡುನಡುವೆ ಇಳಿಸಿ ದಣಿವಾರಿಸಿಕೊಂಡು, ಮತ್ತೆ "ಹೂಂ" ಎಂದು ಎತ್ತಿ ನಡೆದರು.

"ಒಳಗೆ ಏನಿದೆ?" ಅತ್ತೆ ತುಟಿ ಅಲುಗಿಸದೆ ಕೇಳಿದರು.

"ಏನೂ ಇಲ್ಲ ಅತ್ತೆ."

"ಮಿಕ್ಕಿದ್ದರಲ್ಲಿ?"

"ಅದ್ರಲ್ಲೂ..."

"ಕೈ ಸ್ವಲ್ಪ ನಡುಗಿಸಿ. ಜನ ನೋಡ್ತಿದ್ದಾರೆ."

ಅಂಗಡಿಯವರೆಗೂ ಹಿಂದೆಯೇ ಬಂದಿದ್ದ ಅರ್ಧ ಕ್ಷೌರದವನು ಬಾಗಿಲಲ್ಲಿ ನಿಂತು ಕೆಮ್ಮಿದ. "ಮಗಳಿಗೊಂದು ಹೊಸ ಕಂಪ್ಯೂಟರ್ ಬೇಕಿತ್ತು. ಕಳ್ಳರೇ ಹುಡುಕ್ಕೊಂಡು ಬರೋ ಅಂಗಡಿ ಅಂದ್ಮೇಲೆ ಮಾಲು ಒಳ್ಳೇದೇ ಇರುತ್ತೆ."

"ಸಂಜೆ ಬನ್ನಿ, ಪರೀಕ್ಷೆ ಮಾಡಿಸಿ ಕೊಡ್ತಾರೆ" ಎಂದರು ಅತ್ತೆ, ಅಳಿಯ ಬಾಯಿ ತೆರೆಯುವ ಮೊದಲೇ.

ಅವನು ಉಳಿದರ್ಧ ಕ್ಷೌರಕ್ಕೆ ಹೋದ ಮೇಲೆ ಅತ್ತೆ ಬಾಗಿಲು ಮುಂದಕ್ಕೆ ಹಾಕಿದರು. ಸಾಲಿನಲ್ಲಿದ್ದ ಪೆಟ್ಟಿಗೆಗಳನ್ನು ಕಿರುಬೆರಳಿನಿಂದ ಒಂದೊಂದಾಗಿ ದೂಡುತ್ತ ಹೋದರು. ಒಂದೊಂದೂ ಸಲೀಸಾಗಿ ಹಿಂದಕ್ಕೆ ಜಾರಿತು. ಅಳಿಯ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡ. ಕಳ್ಳನಿಗೆಂದು ತಂದಿದ್ದ ನೀರನ್ನು ತಾನೇ ಕುಡಿದ.

"ಅತ್ತೆ... ಕೋಣೆ ಟೈಲರಿಗೆ...?"

ಅತ್ತೆ ಮೊಣಕಾಲು ನೀವಿಕೊಳ್ಳುತ್ತ ಗಿರಾಕಿಯ ಕುರ್ಚಿಯಲ್ಲಿ ಕೂತರು.

"ನಾಳೆ ಒಂದೊಂದಕ್ಕೂ ಎರಡೆರಡು ಇಟ್ಟಿಗೆ ಹಾಕಿಡಿ. ಮುಂದಿನ ಕಳ್ಳನಾದ್ರೂ ಸ್ವಲ್ಪ ಮೆಲ್ಲಗೆ ಓಡ್ಲಿ."