ಉಗ್ರಾಣದ ಗಳ

"ಹಾಗಾದರೆ ಯಾರದೂ ತಕರಾರಿಲ್ಲ," ಎಂದು ಯೋಜನಾ ಅಧಿಕಾರಿ ಸಹಿ ಹಾಕಲು ಪೆನ್ನು ತೆರೆದರು. ಕುಮಟಾ ತಾಲೂಕು ಸಭೆಯ ಕೊನೆಯ ಸಾಲಿನಲ್ಲಿ ಕೂತಿದ್ದ ರಂಜಿತಾ ಕತ್ತು ಚಾಚಿ ಅವರ ಮುಂದಿದ್ದ ನಕ್ಷೆಯತ್ತ ನೋಡಿದಳು. ಕರಾವಳಿ ಅಭಿವೃದ್ಧಿ ಯೋಜನೆಯಲ್ಲಿ ಅವಳ ಊರಿಗೆ ನೀರುಳ್ಳಿ ಉಗ್ರಾಣ ಸಿಕ್ಕಿತ್ತು. ಆದರೆ ನಕ್ಷೆ ಬಯಲುಸೀಮೆಯದು, ಚೀಲದ ಮೇಲೆ ಚೀಲ ಪೇರಿಸುವ ಕಟ್ಟಡ. ಇಲ್ಲಿಯ ಸಿಹಿ ನೀರುಳ್ಳಿ ಚೀಲದಲ್ಲಿ ಹದಿನೈದು ದಿನವೂ ತಾಳದೆ ಕೊಳೆಯುತ್ತದೆ.

"ಬಿಎ ಓದ್ದವ್ಳು ನೀನು. ಬಾಯಲ್ಲಿ ಎಂತ ಅವಲಕ್ಕಿ ತುಂಬ್ಕಂಡಿದ್ಯೆ?" ಎಂದು ಅವ್ವಿ ಹೊನ್ನಿ ಮಗಳನ್ನು ತಿವಿದಳು.

ರಂಜಿತಾ ಎದ್ದಳು. ಅವ್ವಿಯ ಬುಟ್ಟಿಯಿಂದ ಜಡೆಯಂತೆ ಹೆಣೆದ ನೀರುಳ್ಳಿ ಗೊಂಚಲೊಂದನ್ನು ಎತ್ತಿ, ನೆಟ್ಟಗೆ ಹೋಗಿ ಅಧಿಕಾರಿಯ ಎಡಗೈಗೆ ಕೊಟ್ಟಳು. "ಇದನ್ನ ನಿಮ್ಮ ಉಗ್ರಾಣದಲ್ಲಿ ಎಲ್ಲಿ ತೂಗ್ಹಾಕೂದು ಸರ್?"

ಅವರು ನಕ್ಷೆಯಲ್ಲಿ ಹುಡುಕಿದರು. ಗೋಡೆಯಿತ್ತು, ನೆಲವಿತ್ತು, ಗೊಂಚಲು ತೂಗುವ ಒಂದು ಗಳವೂ ಇರಲಿಲ್ಲ. "ಮೇಜಿನ ಮೇಲೆ ಇಡಲೇನಮ್ಮ?"

"ಎಲ್ಲಿ ಇಟ್ರೂ ಕೊಳೀತದೆ ಸರ್. ಗಾಳೀಲೇ ಇರ್ಬೇಕು."

ಐದು ಕಿಲೋ ಭಾರಕ್ಕೆ ಅವರ ತೋಳು ಸೋಲತೊಡಗಿತು. "ಗಳ ಬರೂವರೆಗೆ ನೀವೇ ಹಿಡ್ಕಣಿ ಒಡ್ಯಾ!" ಎಂದು ಹೊನ್ನಿ ಹಿಂದಿನಿಂದ ಕೂಗಿದಳು. ಸಭೆಯೆಲ್ಲ ಗೊಳ್ಳೆಂದಿತು, ಅಧಿಕಾರಿಗೂ ನಗು ತಡೆಯಲಿಲ್ಲ. ಅವರು ಪೆನ್ನನ್ನು ರಂಜಿತಾಳತ್ತ ಚಾಚಿದರು. "ಎಲ್ಲೆಲ್ಲಿ ಬೇಕೋ ನೀವೇ ಗೆರೆ ಎಳೀರಿ."

ರಂಜಿತಾ ನಕ್ಷೆಯ ಮೇಲೆ ಬಗ್ಗಿ, ಈ ಗೋಡೆಯಿಂದ ಆ ಗೋಡೆಗೆ ಹನ್ನೆರಡು ಗಳ ಎಳೆದಳು. ಅಧಿಕಾರಿ ಅದರ ಕೆಳಗೇ ಸಹಿ ಹಾಕಿದರು. ಗೊಂಚಲನ್ನು ಮಾತ್ರ ವಾಪಸು ಕೊಡಲಿಲ್ಲ. "ಗಳ ಇನ್ನೂ ಬಂದಿಲ್ಲವಲ್ಲ," ಎಂದರು.