ಮಾತ್ರೆ ಇಲ್ಲದ ಮುದ್ದೆ

ಈಗಲೂ ಬಿಸಿ ಮುದ್ದೆ ಮುರಿಯುವಾಗ ಒಳಗೆ ಮಾತ್ರೆ ಇದೆಯೇನೋ ಎಂದು ನನ್ನ ಬೆರಳು ತಡಕುತ್ತದೆ.

ಕೆರಗೋಡಿನ ನಮ್ಮ ಮನೆಯ ನಾಯಿ ಕರಿಯನಿಗೆ ಕ್ಯಾನ್ಸರ್ ಆಗಿತ್ತು. ದವಡೆಯ ಗಡ್ಡೆ ಅಗಿಯಲು ಬಿಡುತ್ತಿರಲಿಲ್ಲ. ಅಜ್ಜಿ ನಮಗೆ ಕಲಿಸಿದಂತೆ ಅವನಿಗೂ ಮುದ್ದೆ ಅಗಿಯದೆ ನುಂಗಲು ಕಲಿಸಿ, ತುತ್ತಿನೊಳಗೆ ನೋವಿನ ಮಾತ್ರೆ ಅಡಗಿಸುತ್ತಿದ್ದಳು.

ಆ ಮಧ್ಯಾಹ್ನ ತುತ್ತಿಗೆ ತುಪ್ಪ ಸವರಿದಳು, ಮಾತ್ರೆ ಇಡಲಿಲ್ಲ. ನಾನು ಒಳಗೆ ಓಡಿ ಮಾತ್ರೆ ತಂದೆ.

“ಮರ್ತ್‌ಬುಟ್ಟೆ ಕಣಜ್ಜಿ!”

“ಮರ್ತಿಲ್ಲ ಕಣವ್ವಾ. ಇವತ್ತು ಬರೀ ಮುದ್ದೆ ತಿನ್ಲಿ ಬುಡು.”

ಕರಿಯ ಅವಳ ಬೆರಳು ನೆಕ್ಕುತ್ತಿದ್ದ. ಅಷ್ಟರಲ್ಲಿ ದನದ ಡಾಕ್ಟರ ಬೈಕಿನ ಸದ್ದು ಕೇಳಿತು. ಅಜ್ಜಿ ಏಳಲಿಲ್ಲ. ಹೊಸ ಔಷಧಿ ತಂದಿರುತ್ತಾರೆ ಎಂದುಕೊಂಡು, ಕುಣಿಯುತ್ತಾ ಓಡಿ, ಕರಿಯನಿಗೆ ಕೊನೆಯ ಸೂಜಿ ಚುಚ್ಚಲು ಬಂದವರಿಗೆ ಗೇಟು ತೆಗೆದವಳು ನಾನೇ.