ತೇಲಿದ ಮೊಟ್ಟೆ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ದುಡಿದು ಕಟ್ಟಿದ ಜಕ್ಕೂರಿನ ನನ್ನ ಗ್ಯಾರೇಜಿನಲ್ಲಿ ಕೈಯ ಗ್ರೀಸನ್ನು ಈಗಲೂ ಬೂದಿಯಿಂದಲೇ ತಿಕ್ಕುತ್ತೇನೆ. ಒದ್ದೆ ಬೂದಿಯ ವಾಸನೆಗೆ ಚಿಕ್ಕಂದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಸೋಪು ಮಾಡಲು ಅವ್ವ ತೂತಿನ ಮಡಕೆಗೆ ಹುಲ್ಲು ಹಾಸಿ, ಹುಣಸೆ ಸೌದೆಯ ಬೂದಿ ತುಂಬಿ ನೀರು ಹುಯ್ದಿದ್ದಳು. ಕೆಳಗೆ ಟೀ ಬಣ್ಣದ ಕ್ಷಾರದ ನೀರು ಇಳಿದಿತ್ತು. ಅದು ಹದಕ್ಕೆ ಬಂದಿದ್ದರೆ ಮೊಟ್ಟೆ ತೇಲಬೇಕು. ಅವ್ವ ಬಿಟ್ಟ ಮೊಟ್ಟೆ ಬೆಂಡಿನ ಹಾಗೆ ತೇಲಿತು.

ಅಜ್ಜಿ ನಂಬಲಿಲ್ಲ. ಅದನ್ನೇ ಎತ್ತಿ ಬರೀ ನೀರಿನ ಚೊಂಬಿಗೆ ಬಿಟ್ಟಳು. ಅಲ್ಲೂ ತೇಲಿತು.

"ಇದು ಹಳೇ ಮೊಟ್ಟೆ ಕಣೆ. ಮರಿ ಮಾಡ್ಸೋಕೆ ಎತ್ತಿಡು ಅಂದಿದ್ನಲ್ಲ, ಹೊಸಾವು ಎಲ್ಲೋದ್ವು? ಕೋಳಿ ದಿನಾ ಕೂಗ್ತದೆ."

"ಸುಮ್ನೆ ಕೂಗ್ತದೆ ಅತ್ತೆ, ಮೊಟ್ಟೆ ಇಕ್ಕೋದಿಲ್ಲ."

"ಸುಮ್ಸುಮ್ನೆ ಕೂಗೋಕೆ ಅದೇನ್ ನನ್ ಮಗನಾ? ಬಾರೋ ಇಲ್ಲಿ, ಬಾಯಿ ತೆಗಿ."

ತಿಂಗಳು ಜ್ವರದಲ್ಲಿ ಮಲಗಿ ಎದ್ದಿದ್ದ ನಾನು ಬಾಯಿ ತೆರೆದೆ. ಅಜ್ಜಿ ಮೂಸಿದಳು. ಅವ್ವ ಸೆರಗು ಹಿಡಿದು ನಿಂತೇ ಇದ್ದಳು. ಅಜ್ಜಿಯ ಬೆರಳು ನನ್ನ ಕತ್ತಿನ ಮೂಳೆಯ ಮೇಲೆ ಆಡಿ, ಪಕ್ಕೆಲುಬಿಗೆ ಇಳಿಯಿತು.

"ನಿಜ ಕಣೆ, ಕೋಳಿ ಇಕ್ತಿಲ್ಲ," ಅಂದಳು. "ಇನ್ನೂ ಎರಡು ತಿಂಗಳು ಇಕ್ಕಾಕಿಲ್ಲ ಬಿಡು."